ಅಪ್ಪನ ಎಡೆಗಿಟ್ಟ ಅಲ್ಯಾನಿಕೊ

ವೈನ್ ಬಾಟಲಿಯನ್ನು ಸರ್ಕಾರಿ ಬಸ್ಸಿನಲ್ಲಿ ಒಯ್ಯುವ ಪಾಡು ಒಯ್ದವರಿಗೇ ಗೊತ್ತು. ಹಿರಿಯರ ಹಬ್ಬಕ್ಕೆ ಅಪ್ಪನ ಎಡೆಗಿಡಲೆಂದು ಯಳಂದೂರಿನಲ್ಲಿ ಹೊಸ ಪಂಚೆ, ಹೊಸ ಟವೆಲು ಕೊಂಡಿದ್ದೆ. ಅವೆರಡನ್ನೂ ಬಾಟಲಿಗೆ ಸುತ್ತಿ, ಬ್ಯಾಗಿನ ನಡುವೆ ತುರುಕಿ, ಆ ಬ್ಯಾಗನ್ನು ತೊಡೆಯ ಮೇಲೆ ಕೂಸಿನಂತೆ ಅವುಚಿಕೊಂಡು ಕೂತೆ. ಕಂಡಕ್ಟರ್ "ಬ್ಯಾಗ ಮೇಲಕ್ಕೆ ಆಕವ್ವ, ರಶ್ಶದೆ" ಎಂದ. "ಬ್ಯಾಡ ಸಾ, ಗಾಜಿನ ಸಾಮಾನದೆ" ಎಂದೆ. ಪಕ್ಕದ ಅಜ್ಜಿಗೆ ಕಿವಿ ನೆಟ್ಟಗಾಯಿತು. "ಏನವ್ವ, ಉಪ್ಪಿನ್ಕಾಯಾ?" ಹೂಂ ಎಂದುಬಿಟ್ಟೆ. ನನ್ನ ಕರ್ಮ, ಕೊಳ್ಳೇಗಾಲ ಬರುವ ತನಕ ಆಕೆಯ ಸೊಸೆ ಹಾಕಿದ ಉಪ್ಪಿನಕಾಯಿ ಯಾಕೆ ಬೂಷ್ಟು ಹಿಡಿಯುತ್ತದೆ ಎಂಬುದಕ್ಕೆ ನಾನು ಉತ್ತರ ಹೇಳಬೇಕಾಯಿತು. ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿದಾಗ ಕಿಟಕಿಯ ಬಿಸಿಲು ನೇರ ಬ್ಯಾಗಿನ ಮೇಲೇ ಬೀಳುತ್ತಿತ್ತು. ಬಿಸಿಗೆ ವೈನ್ ಕೆಡುತ್ತದೆ ಎಂದು ಕೆಲಸದ ಕಡೆ ಹೇಳಿಕೊಟ್ಟಿದ್ದರು. ಬ್ಯಾಗಿಗೆ ನನ್ನ ವೇಲು ಹೊದಿಸಿ, ನಾನು ಬಿಸಿಲಿಗೆ ಬೆಂದುಕೊಂಡು ಊರು ಸೇರಿದೆ.

ಬಾಟಲಿಯೇನೂ ನಾನು ಆಸೆಪಟ್ಟು ತಂದದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ರೆಸಾರ್ಟಿನಲ್ಲಿ ನಾನು ಊಟ ಬಡಿಸುವ ಕೆಲಸದವಳು. ಹುಲಿ ನೋಡಬೇಕೆಂದು ಬಂದು ಜಿಂಕೆ ನೋಡಿಕೊಂಡು ಹೋಗುವ ಅತಿಥಿಗಳು ಊಟದ ಹೊತ್ತಿಗೆ ವೈನ್ ಕೇಳುತ್ತಾರೆ. ಯಾವುದು ಹೇಗಿದೆ ಎಂದೂ ಕೇಳುತ್ತಾರೆ. ನಮ್ಮ ಹುಡುಗರು "ರೆಡ್ಡು ಸಾರ್, ಚೆನ್ನಾಗಿದೆ ಸಾರ್" ಎನ್ನುವುದು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ. ಅದಕ್ಕೆ ಮ್ಯಾನೇಜರು ಸ್ಟಾಫಿನಲ್ಲಿ ಒಬ್ಬರಿಗೆ ವೈನ್ ಕಲಿಸಬೇಕೆಂದು ತೀರ್ಮಾನಿಸಿ ನನ್ನನ್ನು ಆರಿಸಿದರು. ಕಾರಣ ನನ್ನ ಜಾಣತನ ಎಂದುಕೊಂಡು ಒಂದು ದಿನ ಉಬ್ಬಿದ್ದೆ. ಆಮೇಲೆ ಅಡುಗೆಮನೆಯವರು ನಿಜ ಹೇಳಿದರು: "ಅವಳು ಕುಡಿಯಲ್ಲ, ಬಾಟ್ಲಿ ಸೇಫು" ಎಂದಿದ್ದರಂತೆ ಸಾಹೇಬರು.

ಮೈಸೂರಿನಿಂದ ಕಲಿಸಲು ಬರುತ್ತಿದ್ದ ಮೇಡಂ ಗಟ್ಟಿ ಹೆಂಗಸು. ಬಣ್ಣ ನೋಡುವುದು, ಗ್ಲಾಸು ತಿರುಗಿಸಿ ವಾಸನೆ ಹಿಡಿಯುವುದು, ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಿಸಿ, ತುಟಿಯ ಸಂದಿಯಿಂದ ಗಾಳಿ ಎಳೆದು, ಕೊನೆಗೆ ಉಗಿದು, ಬಾಯಲ್ಲಿ ಉಳಿದದ್ದೇನೆಂದು ಹೇಳುವುದು. ಇಷ್ಟೇ ಪಾಠ. ಬಣ್ಣ ಹೇಳುತ್ತಿದ್ದೆ, ವಾಸನೆಯನ್ನೂ ಹಿಡಿಯುತ್ತಿದ್ದೆ. ಬಾಯಿಗೆ ಹಾಕಿಕೊಂಡ ಕೂಡಲೇ ಮಾತ್ರ ಬೆಂಕಿ ಮುಟ್ಟಿದವಳ ಹಾಗೆ ಉಗಿದುಬಿಡುತ್ತಿದ್ದೆ. "ನೀನು ರುಚಿ ನೋಡ್ತಿಲ್ಲ, ಓಡಿಸ್ತಿದ್ದೀಯ. ಏನಮ್ಮ ನಿನ್ನ ಭಯ?" ಎಂದು ಮೇಡಂ ರೇಗಿದರು. ಹಬ್ಬಕ್ಕೆ ರಜೆ ಕೇಳಿದಾಗ ಅವರೇ ಈ ಬಾಟಲಿ ಕೊಟ್ಟರು. "ಅಲ್ಯಾನಿಕೊ. ದಕ್ಷಿಣ ಇಟಲಿಯದು. ಆರಿಹೋದ ಜ್ವಾಲಾಮುಖಿಯ ಇಳಿಜಾರಿನಲ್ಲಿ ಬೆಳೆಯೋ ದ್ರಾಕ್ಷಿ, ಬೇರೆ ದ್ರಾಕ್ಷಿಯೆಲ್ಲ ಕೊಯ್ಲಾದ ಮೇಲೆ ಚಳಿಗೆ ಹಣ್ಣಾಗತ್ತೆ. ಬಹಳ ಒಗರು, ಬಹಳ ಹುಳಿ. ಇದನ್ನು ಬಾಯಲ್ಲಿ ಹಿಡಿದುಕೊಳ್ಳೋಕೆ ಕಲಿತರೆ ಯಾವುದನ್ನಾದರೂ ಹಿಡಿದುಕೊಳ್ತೀಯ. ಒಬ್ಬಳೇ ಕೂತು ನಿಧಾನವಾಗಿ ನೋಡು. ಬಂದ ಮೇಲೆ ಪರೀಕ್ಷೆ."

ಪರೀಕ್ಷೆ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ, ಪಾಸಾದೆ. ಆದರೆ ನಾನು ಹೆದರಿದ್ದು ಪರೀಕ್ಷೆಗಲ್ಲ.

ಅಪ್ಪ ಹನೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಮಾಡುತ್ತಿದ್ದರು. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಎಳೆಯೆಳೆಯಾಗಿ ಸುತ್ತಿ ಕೂರಿಸುವ ಕೆಲಸ. ಕೈ ಚೂರೂ ಅಲುಗಬಾರದು. ಬೆಳಗ್ಗೆ ಎದ್ದಾಗ ಅಪ್ಪನ ಕೈ ನಡುಗುತ್ತಿತ್ತು, ಒಂದು ಗುಟುಕು ಇಳಿದ ಮೇಲೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಎಷ್ಟನೆಯ ಗುಟುಕೋ, ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೇ ಮಲಗಿರುತ್ತಿದ್ದರು. ಹೊಡೆಯುವವರಲ್ಲ, ಬೈಯುವವರಲ್ಲ. ಬಿಡುತ್ತೇನೆ ಎಂದು ಅಳುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ಹೋಗಿ ಆಣೆ ಇಟ್ಟು ಬರುತ್ತಿದ್ದರು, ಆ ಆಣೆ ವಾಪಸು ಬರುವ ದಾರಿಯಲ್ಲಿ ಕೌದಳ್ಳಿ ದಾಟುವಷ್ಟರಲ್ಲಿ ಮುರಿದಿರುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಲಿವರ್ ಕೆಟ್ಟು, ಹೊಟ್ಟೆ ಊದಿಕೊಂಡು ತೀರಿಕೊಂಡರು.

ಅವ್ವ ಅಪ್ಪನನ್ನು ಯಾರ ಮುಂದೆಯೂ ಬಿಟ್ಟುಕೊಟ್ಟವಳಲ್ಲ. "ಪಾಪ, ಬೇಕೂಂತ ಕುಡೀತಿದ್ರಾ ಅವ್ರು? ನಿಲ್ಸಕ್ಕೆ ಆಯ್ತಿರ್ಲಿಲ್ಲ" ಎನ್ನುತ್ತಿದ್ದಳು. ಇವತ್ತಿಗೂ ಎನ್ನುತ್ತಾಳೆ. ಆ ಮಾತಿನ ಮೇಲೆಯೇ ಅವಳು ಅಷ್ಟು ವರ್ಷ ಬದುಕಿದ್ದು. ಆದರೆ ಅದೇ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನಿಲ್ಲಿಸಲಾಗದ ಮೈ ಅವರದಾದರೆ, ಅವರ ಮಗಳದು? ಬಾಯಿಗೆ ಬಿದ್ದ ಮೊದಲ ಗುಟುಕಿಗೇ ಒಳಗಿನಿಂದ ಯಾವುದೋ ಎದ್ದು ಕೂತು ಇನ್ನೊಂದು ಕೊಡು ಎಂದರೆ? ನನಗೆ ಇದ್ದ ಭಯ ಇಷ್ಟೇ. ಇದನ್ನು ಮೈಸೂರಿನ ಮೇಡಂಗೆ ಹೇಗೆ ಹೇಳುವುದು?

ಮನೆ ತಲುಪಿದಾಗ ಅವ್ವ ಹೊಸಿಲಲ್ಲೇ ನಿಲ್ಲಿಸಿದಳು. "ಊದು."

"ಬುಡವ್ವ, ಬಿಸ್ಲಲ್ಲಿ ಬಂದಿವ್ನಿ."

"ಊದು ಅಂದೆ."

ಅಪ್ಪನಿಗೂ ಹೀಗೇ ಮಾಡುತ್ತಿದ್ದಳು. ಊದಿದೆ. ಕಣ್ಣು ಮುಚ್ಚಿ ನನ್ನ ಉಸಿರು ಮೂಸಿ ನೋಡಿ ಒಳಗೆ ಬಿಟ್ಟಳು. ನಾನು ವೈನ್ ಕಲಿಯುತ್ತಿರುವುದು ಅವಳಿಗೆ ಗೊತ್ತಿತ್ತು, ಫೋನಿನಲ್ಲಿ ಹೇಳಿದ್ದೆ. ಕುಡಿಯಲ್ಲ ಅವ್ವ, ಬಾಯಲ್ಲಿಟ್ಟು ಉಗಿಯೋದು ಎಂದರೆ, "ಉಗಿಯಾದಾದ್ರೆ ಬಾಯ್ಗ್ಯಾಕೆ ಆಕಬೇಕು?" ಎಂದಿದ್ದಳು. ಅಂದಿನಿಂದ ರಜೆಗೆ ಬಂದಾಗಲೆಲ್ಲ ಈ ತಪಾಸಣೆ. ಸಿಟ್ಟು ಬರುತ್ತಿತ್ತು. ಅವಳಿಗಿಂತ ಹೆಚ್ಚಾಗಿ ನಾನೇ ನನ್ನನ್ನು ಮೂಸಿಕೊಳ್ಳುತ್ತಿದ್ದೇನೆ ಎಂದು ಹೇಳಬೇಕೆನಿಸಿ, ಹೇಳದೆ ಬಚ್ಚಲಿಗೆ ಹೋದೆ.

ಹಬ್ಬದ ಅಡುಗೆಗೆ ಕೌದಳ್ಳಿಯಿಂದ ಅತ್ತೆ ಬಂದಿದ್ದರು, ಅಪ್ಪನ ಅಕ್ಕ. ಎಲೆಯಡಿಕೆ ಹೊಗೆಸೊಪ್ಪಿನ ಚೀಲ ಸೊಂಟದಲ್ಲಿ, ಬಾಯಿ ತುಂಬ ಮಾತು. ಅವರಿಗೂ ಅವ್ವನಿಗೂ ಪ್ರತಿ ಹಬ್ಬಕ್ಕೆ ಒಂದೇ ಜಗಳ. ನಮ್ಮ ಕಡೆ ಸತ್ತವರ ಎಡೆಗೆ ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರು. ಬೀದಿಯ ಎಲ್ಲ ಮನೆಯಲ್ಲೂ ಇಡುತ್ತಾರೆ. ಅವ್ವ ಮಾತ್ರ ಅಪ್ಪನಿಗೆ ಎಂದೂ ಇಟ್ಟವಳಲ್ಲ. "ಅದೇ ಅಲ್ವಾ ಅವ್ರ ಜೀವ ತಗ್ದದ್ದು? ನನ್ ಕೈಯಾರ ಇಡ್ಲಾ?" ಎನ್ನುತ್ತಿದ್ದಳು. "ನನ್ ತಮ್ಮ ವರ್ಸಾ ವರ್ಸಾ ಬಂದು ಬರೀ ಬಾಯಲ್ಲಿ ಓಯ್ತಾವ್ನೆ" ಎಂದು ಅತ್ತೆ ಮೂಗು ಸೀಟುತ್ತಿದ್ದರು.

ಮೈ ತೊಳೆದು ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಎಡೆಗೆ ಹೊಸಬಟ್ಟೆ ಎಲ್ಲಿ ಎಂದು ಅತ್ತೆ ನನ್ನ ಬ್ಯಾಗಿಗೆ ಕೈ ಹಾಕಿದ್ದರು. ಪಂಚೆ ಎಳೆದರೆ ಒಳಗಿಂದ ಬಾಟಲಿ. ಸತ್ತವರಿಗೆಂದು ತಂದ ಬಟ್ಟೆಯಲ್ಲಿ ಸುತ್ತಿದ ಬಾಟಲಿ ಸತ್ತವರಿಗಲ್ಲದೆ ಇನ್ಯಾರಿಗೆ? ನಾನು ನಡುಮನೆಗೆ ಬಂದಾಗ ಅದು ಅಪ್ಪನ ಫೋಟೋದ ಮುಂದೆ, ಬಾಳೆಲೆಯ ಪಕ್ಕ ನಿಂತಿತ್ತು. ಅತ್ತೆ ಅದರ ಕೊರಳಿಗೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು. ನನ್ನನ್ನು ಕಂಡವರೇ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. "ನನ್ನವ್ವ, ನೀನಾದ್ರೂ ನನ್ ತಮ್ಮನ ಬಾಯಾರ್ಕೆ ತಿಳ್ಕಂಡಲ್ಲ. ಅದೂ ಫಾರಿನ್ನು!"

ಅಯ್ಯೋ ಶಿವನೇ ಎಂದುಕೊಳ್ಳುವಷ್ಟರಲ್ಲಿ ಅವ್ವ ಸಾರಿನ ಪಾತ್ರೆ ಹಿಡಿದು ಒಳಗಿನಿಂದ ಬಂದಳು. ಬಾಟಲಿ ನೋಡಿದಳು. ಪಾತ್ರೆ ಕೆಳಗಿಟ್ಟಳು.

"ಮಗಳು ತಂದವಳೆ" ಎಂದು ಅತ್ತೆ ಮುಂದಾದರು. "ಇವತ್ತೇನಾದ್ರೂ ನೀನು ಬ್ಯಾಡ ಅಂದ್ಯೋ, ಈ ಮನೇಲಿ ನೀರೂ ಮುಟ್ದೆ ಎದ್ದೋಯ್ತೀನಿ."

ಅವ್ವ ಅತ್ತೆಯ ಕಡೆ ತಿರುಗಲೂ ಇಲ್ಲ. "ಅವ್ರಿಗೇಂತ ತಂದ್ಯಾ?" ಎಂದು ನನ್ನನ್ನು ಕೇಳಿದಳು.

ಹೂಂ ಎಂದರೆ ಅತ್ತೆ ಗೆಲ್ಲುತ್ತಾರೆ, ಅವ್ವ ಸೋಲುತ್ತಾಳೆ. ಇಲ್ಲ ಎಂದರೆ ಇನ್ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. "ಇಲ್ಲವ್ವ. ನಾನು ಕಲಿಯಕ್ಕೆ ತಂದೆ. ಪರೀಕ್ಷೆ ಅದೆ" ಎಂದೆ.

ಅತ್ತೆಯ ಮುಖ ಇಳಿದುಹೋಯಿತು. ಅವ್ವ ಬಾಟಲಿ ಎತ್ತಿ ಹಿತ್ತಲಿಗೆ ಎಸೆಯುತ್ತಾಳೆ ಎಂದೇ ಕಾದು ನಿಂತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಅಂಗಾದ್ರೆ ಅಲ್ಲೇ ಇರ್ಲಿ ಬುಡು. ನಿಂಗೇಂತ ಇರಾದ್ಕಿಂತ ಅವ್ರಿಗೇಂತ ಇದ್ರೆ ವಾಸಿ" ಎಂದು ಸಾರು ಬಡಿಸತೊಡಗಿದಳು.

ಬಿರಡೆ ತೆಗೆಯುವುದು ನನ್ನ ಪಾಲಿಗೇ ಬಂತು. ಮುಚ್ಚಿದ ಬಾಟಲಿ ಇಟ್ಟರೆ ಸತ್ತವನು ಕುಡಿಯುವುದು ಹೇಗೆ ಎಂದು ಅತ್ತೆ ಚೇತರಿಸಿಕೊಂಡು ವಾದಿಸಿದರು. ರೆಸಾರ್ಟಿನಿಂದ ತಂದಿದ್ದ ತಿರುಪಿನ ಓಪನರ್ ಚುಚ್ಚಿ ತಿರುಗಿಸುವಾಗ ಕೈ ನಡುಗಿತು. ಅಪ್ಪನ ಕೈ ನೆನಪಾಗಿ, ನಡುಗುವುದು ಹೆದರಿಕೆಗೋ ಇನ್ಯಾವುದಕ್ಕೋ ಎಂದು ನನ್ನ ಬೆರಳನ್ನೇ ನೋಡಿಕೊಂಡೆ. ಟಕ್ಕೆಂದು ಬಿರಡೆ ಬಂತು. ಒಂದು ಟೀ ಗ್ಲಾಸಿಗೆ ಬಗ್ಗಿಸಿ ಎಲೆಯ ಬಲಕ್ಕಿಟ್ಟೆ. ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ, ಅದರ ಪಕ್ಕದಲ್ಲಿ ಇಟಲಿಯ ವೈನು. ಧೂಪ ಹಾಕಿ, ಕೈಮುಗಿದು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮೂವರೂ ಜಗಲಿಯಲ್ಲಿ ಕೂತೆವು.

ತೆರೆದ ವೈನನ್ನು ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು, ಆಗ ಅದು ಮೆತ್ತಗಾಗುತ್ತದೆ ಎಂದು ಮೇಡಂ ಹೇಳಿದ್ದರು. ಅತ್ತೆಯೂ ಅದನ್ನೇ ಹೇಳುತ್ತಿದ್ದರು, "ಒಸಿ ಒತ್ತು ಬುಡ್ಬೇಕು, ಅವಸರ ಮಾಡ್ಬಾರ್ದು." ನಗು ಬರಬೇಕಿತ್ತು, ಬರಲಿಲ್ಲ. ಅವ್ವ ಬೀದಿಯನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ವಾಸಿ ಇತ್ತು.

ಆಮೇಲೆ ಅತ್ತೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದರು. ಗ್ಲಾಸಿಗೆ ಕಣ್ಣು ಹತ್ತಿರ ತಂದು "ನೋಡು, ನೋಡು, ಕಮ್ಮಿ ಆಗ್ಬುಟ್ಟದೆ ಕಣವ್ವ!" ಎಂದು ಕಣ್ಣೊರೆಸಿಕೊಂಡರು. ಉಂಡು, ತಮ್ಮ ಮನೆಯವರಿಗೆ ವಡೆ ಕಟ್ಟಿಸಿಕೊಂಡು, ಬೆಳಕಿರುವಾಗಲೇ ಕೌದಳ್ಳಿಯ ಬಸ್ಸು ಹತ್ತಿದರು.

ಉಳಿದವರು ನಾನು, ಅವ್ವ, ಮತ್ತು ಆ ಗ್ಲಾಸು. ಎಡೆಯಲ್ಲಿಟ್ಟದ್ದನ್ನು ಚೆಲ್ಲುವಂತಿಲ್ಲ, ಮನೆಯವರೇ ಮುಗಿಸಬೇಕು. ಬೇರೆ ಮನೆಗಳಲ್ಲಾದರೆ ಗಂಡಸರು ಅದಕ್ಕೇ ಕಾದಿರುತ್ತಾರೆ. ನಮ್ಮ ಮನೆಯಲ್ಲಿ ಗಂಡಸರಿಲ್ಲ. ಅವ್ವ ಗ್ಲಾಸು ತಂದು ನನ್ನ ಮುಂದಿಟ್ಟು, ಬಾಟಲಿಯನ್ನೂ ಇಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. "ಅದೇನ್ ಕಲೀತೀಯೋ ನನ್ ಮುಂದೇನೆ ಕಲಿ. ನಾನೂ ನೋಡ್ತೀನಿ."

ಇಂಥ ಪರೀಕ್ಷೆ ಒಡ್ಡುವುದು ಮೈಸೂರಿನ ಮೇಡಂ ಕೈಲೂ ಆಗುತ್ತಿರಲಿಲ್ಲ. ಉಗಿಯಲು ಒಂದು ಚೊಂಬು ಪಕ್ಕಕ್ಕಿಟ್ಟುಕೊಂಡೆ. ಗ್ಲಾಸನ್ನು ಬಿಳಿ ಟವೆಲಿನ ಎದುರು ಹಿಡಿದೆ. ಮಾಗಿದ ನೇರಳೆಹಣ್ಣನ್ನು ಹಿಚುಕಿದ ಬಣ್ಣ, ಅಂಚಿನಲ್ಲಿ ಮಾತ್ರ ಇಟ್ಟಿಗೆಯ ಕೆಂಪು. ಮೂಗಿಗೆ ತಂದೆ. ಪುಸ್ತಕದಲ್ಲಿ ಚೆರ್ರಿ, ಪ್ಲಮ್ ಎಂದು ಬರೆದಿರುತ್ತಾರೆ, ನಾನು ಉರು ಹೊಡೆದಿದ್ದೆ. ಆ ಹೊತ್ತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹೊಗೆಸೊಪ್ಪಿನ ವಾಸನೆ ಬಂತು, ಅತ್ತೆ ಇನ್ನೂ ಇಲ್ಲೇ ಕೂತಿದ್ದಾರೇನೋ ಎನ್ನುವಷ್ಟು. ಅದರ ಹಿಂದೆ ಹೊಸ ಚಪ್ಪಲಿಯ ಚರ್ಮ, ನೀರು ಚಿಮುಕಿಸಿದ ಒಲೆಯ ಬೂದಿ.

"ಏನದೆ ಅದ್ರಲ್ಲಿ?" ಎಂದಳು ಅವ್ವ.

"ಹೊಗೆಸೊಪ್ಪು, ನೇರ್ಳೆಹಣ್ಣು, ಬೂದಿ."

"ತೂ, ಇದ್ಕಾ ಅಷ್ಟು ದೂರದಿಂದ ತರ್ಸಾದು?"

ಬಾಯಿಗೆ ಹಾಕಿಕೊಂಡೆ. ಎಂದಿನಂತೆ ಉಗಿಯಲು ಚೊಂಬಿನ ಕಡೆ ಕೈ ಹೋಯಿತು. ಅವ್ವ ಕಣ್ಣೇ ಮಿಟುಕಿಸದೆ ನೋಡುತ್ತಿದ್ದಳು. ಈಗ ಉಗಿದರೆ ನಾನು ಹೆದರಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತದೆ, ನಾನು ಹೆದರಿದರೆ ಅವಳು ಸಾಯುವ ತನಕ ಹೆದರುತ್ತಾಳೆ. ತಡೆದುಕೊಂಡೆ. ಮೊದಲು ಹುಳಿ ಬಂತು, ಹಳೆ ಹುಣಸೆಯ ಹುಳಿ, ಕೆನ್ನೆಯ ಒಳಗಿನಿಂದ ನೀರು ಒಸರಿತು. ಅದು ಇಳಿಯುವ ಮೊದಲೇ ಒಗರು ಹಿಡಿಯಿತು. ಸೀಬೆಮಿಡಿ ಕಚ್ಚಿದಾಗ ಹಿಡಿಯುತ್ತದಲ್ಲ, ಹಾಗೆ ನಾಲಿಗೆ, ಒಸಡು ಎಲ್ಲ ಒರಟಾದವು. ನಾನು ಕಾದೆ. ಒಳಗಿನಿಂದ ಏಳುತ್ತದಲ್ಲ ಎಂದು ಇಷ್ಟು ವರ್ಷ ಹೆದರಿದ್ದೆನಲ್ಲ, ಅದು ಏಳಲಿ ಎಂದು ಕಾದೆ. ಗಾಳಿ ಎಳೆದೆ, ಹೊರಳಿಸಿದೆ. ಒಗರಿನ ಅಡಿಯಲ್ಲಿ ತೆಳ್ಳಗೆ ಸಿಹಿ ಇತ್ತು, ಮೆಣಸಿನಂಥ ಒಂದು ಚುರುಕು ಇತ್ತು. ಚೆನ್ನಾಗಿತ್ತು. ಸುಳ್ಳು ಯಾಕೆ, ಬಹಳ ಚೆನ್ನಾಗಿತ್ತು. ಉಗಿದೆ.

ಇನ್ನೊಂದು ಸಲ ನೋಡಿದೆ, ಈ ಸಲ ಸಣ್ಣ ಗುಟುಕನ್ನು ನುಂಗಿಯೂ ನೋಡಿದೆ. ಎದೆಯಲ್ಲಿ ಬೆಚ್ಚಗಾಯಿತು. ಇನ್ನೂ ಬೇಕೆಂದು ಏನೂ ಕೂಗಲಿಲ್ಲ. ಗ್ಲಾಸು ಕೆಳಗಿಟ್ಟು, ಬಾಟಲಿಗೆ ಬಿರಡೆ ಒತ್ತಿದೆ. ಮೈ ಹಗುರಾಗಿ ಅಳು ಬರುವ ಹಾಗಾಯಿತು.

"ಎಲ್ಲಿ" ಎಂದು ಅವ್ವ ಗ್ಲಾಸಿಗೆ ಕೈ ಚಾಚಿದಳು. ಬೇಡ ಎನ್ನುವ ಮೊದಲೇ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದಳು. ಕಣ್ಣು ಕಿವುಚಿ, ಮುಖ ಮುರಿದು, ನುಂಗಿದಳು. "ಅಳಲೇಕಾಯಿ ಕಸಾಯ ಕಣೆ ಇದು." ನಕ್ಕೆ. ಅವಳೂ ನಕ್ಕಳು. ಅಪ್ಪ ಹೋದ ಮೇಲೆ ಎಡೆಯ ದಿನ ಅವಳು ನಕ್ಕದ್ದು ನಾನು ನೋಡಿದ್ದೇ ಇಲ್ಲ.

ಆಮೇಲೆ ಬಾಟಲಿ ನೋಡಿ, "ಸಾಕಾ ನಿಂಗೆ?" ಎಂದಳು.

"ಸಾಕು."

"ಇನ್ನೂ ಅಷ್ಟದಲ್ಲ."

"ಇರ್ಲಿ ಬುಡವ್ವ. ನಂಗೆ ಬ್ಯಾಡ, ಸಾಕು."

ಅವಳ ಮುಖ ಬೆಳಗುತ್ತದೆ ಎಂದುಕೊಂಡಿದ್ದೆ. ಇಷ್ಟು ದಿನ ಮೂಸಿ ಮೂಸಿ ಹುಡುಕಿದ್ದು ಇಲ್ಲ ಎಂದು ಕಣ್ಣಾರೆ ಕಂಡಳಲ್ಲ. ಆದರೆ ನಗು ಹಾಗೇ ಆರಿಹೋಯಿತು. ಗ್ಲಾಸಿನ ತಳದಲ್ಲಿ ಉಳಿದ ಕೆಂಪನ್ನು ನೋಡುತ್ತ ಕೂತಳು.

"ಅಂದ್ರೆ ನಿಲ್ಲಿಸ್ಬೌದು" ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ನಿಲ್ಲಿಸ್ಬೌದಾದ್ರೆ, ಅವ್ರು ಯಾಕವ್ವ ನಿಲ್ಲಿಸ್ಲಿಲ್ಲ?"

ನಾನು ಪಾರಾದೆ ಎಂದು ಹಿಗ್ಗುತ್ತಿದ್ದವಳು, ಅವಳು ಅಷ್ಟು ವರ್ಷ ಕೂತಿದ್ದ ನೆಲವನ್ನೇ ಕಿತ್ತುಹಾಕಿದ್ದೆ. ಅಪ್ಪ ನಿಲ್ಲಿಸಬಹುದಿತ್ತು ಎಂದರೆ, ನಮಗಿಂತ ಅದೇ ಅವರಿಗೆ ಹೆಚ್ಚಾಗಿತ್ತು ಎಂದ ಹಾಗೆ. ಅವರ ಮೈಯೇ ಹಾಗಿತ್ತು, ಆಗುತ್ತಿರಲಿಲ್ಲ ಎಂದರೆ, ಅದೇ ಮೈಯಿಂದ ಹುಟ್ಟಿದವಳು ಅವಳ ಎದುರಿಗೇ ಕೂತಿದ್ದೇನೆ. ಯಾವುದನ್ನು ಹೇಳಲಿ? ಅವ್ವ ಕಾಯುತ್ತಿದ್ದಳು.

"ಅಪ್ಪನ ಕೈಲಿ ಆಯ್ತಿರ್ಲಿಲ್ಲ ಕಣವ್ವ. ಅದೊಂದು ಕಾಯ್ಲೆ. ಮೈಯೊಳಗೇ ಇರ್ತದೆ" ಎಂದೆ.

"ಅಂಗಂತೀಯಾ?"

"ಊಂ."

ಅವಳ ಭುಜಗಳು ಸಡಿಲವಾದವು. ಉದ್ದಕ್ಕೆ ಉಸಿರು ಬಿಟ್ಟು ತಲೆಯಾಡಿಸಿದಳು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು, ಹಣೆಯಿಂದ ಗದ್ದದವರೆಗೆ, ಯಾರನ್ನೋ ಹುಡುಕುವ ಹಾಗೆ. ಕೈ ಚಾಚಿ, ನನ್ನ ಮುಂದಿದ್ದ ಬಾಟಲಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.